ತುರ್ತು ಕಾಗದಪತ್ರಗಳ ಪರದೇಶ ರವಾನೆ: ತಿಂಥಣಿಯಿಂದ ನೋಡಿದಾಗ

ಸಹಿ, ಮೊಹರು ಇರುವ ಮೂಲ ಕಾಗದವನ್ನೋ ಅಚ್ಚಾದ ಪ್ರತಿಯನ್ನೋ ಕೆಲವೇ ದಿನಗಳಲ್ಲಿ ಬೇರೆ ದೇಶದ ವಿಳಾಸಕ್ಕೆ ಮುಟ್ಟಿಸುವ ವ್ಯವಸ್ಥೆಗೆ ಅಂತರರಾಷ್ಟ್ರೀಯ ತುರ್ತು ರವಾನೆ ಎನ್ನುತ್ತಾರೆ. ಇದನ್ನು ಬೆಂಗಳೂರಿನಿಂದ ನೋಡಿದರೆ ಎಲ್ಲವೂ ಸಲೀಸು. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ತಿಂಥಣಿಯಿಂದ ನೋಡಿದರೆ ಲೆಕ್ಕವೇ ಬೇರೆ. ತಿಂಥಣಿ ಕೃಷ್ಣಾ ನದಿಯ ದಂಡೆಯ ಊರು. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಮೌನೇಶ್ವರ ದೇವಸ್ಥಾನದಿಂದ ಹೆಸರಾದದ್ದು. ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. ರೈಲು ಬೇಕಾದರೆ ಯಾದಗಿರಿಗೆ ಹೋಗಬೇಕು, ಪರದೇಶದ ವಿಮಾನ ಬೇಕಾದರೆ ಹೈದರಾಬಾದಿಗೋ ಬೆಂಗಳೂರಿಗೋ. ಇಲ್ಲಿಂದ ಹೊರಟ ಲಕೋಟೆ ಸಮುದ್ರ ದಾಟಲು ಕೆಲವು ಗಂಟೆ ಸಾಕು. ವಿಮಾನದ ಬಾಗಿಲಿನವರೆಗೆ ತಲುಪಲು ದಿನಗಳು ಬೇಕು, ಅದಕ್ಕೂ ಮೊದಲು ಕಾಗದಕ್ಕೆ ಬೀಳಬೇಕಾದ ಮೊಹರುಗಳಿಗೆ ಕೆಲವೊಮ್ಮೆ ವಾರಗಳು.

ಈ ಸೀಮೆಗೂ ಪರದೇಶದ ಟಪಾಲಿಗೂ ನಂಟು ಹೊಸದಲ್ಲ. 1841ರಿಂದ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಇಂಗ್ಲೆಂಡಿಗೆ ಪತ್ರ ಬರೆಯುತ್ತಿದ್ದ ಕಾಲಕ್ಕೆ ಸೂಯೆಜ್ ಕಾಲುವೆ ಇರಲಿಲ್ಲ. ಮುಂಬೈಯಿಂದ ಹೊರಟ ಟಪಾಲು ಹಡಗಿನಲ್ಲಿ ಸೂಯೆಜ್‌ವರೆಗೆ ಹೋಗಿ, ಈಜಿಪ್ಟಿನ ಮರಳುಗಾಡನ್ನು ನೆಲದ ಮೇಲೆ ದಾಟಿ, ಅಲೆಕ್ಸಾಂಡ್ರಿಯಾದಲ್ಲಿ ಮತ್ತೆ ಹಡಗು ಹತ್ತುತ್ತಿತ್ತು. ಆಫ್ರಿಕಾ ಖಂಡ ಸುತ್ತಿಕೊಂಡು ತಿಂಗಳುಗಟ್ಟಲೆ ಸಾಗುತ್ತಿದ್ದ ಹಾದಿಗೆ ಹೋಲಿಸಿದರೆ ಆಗ ಅದೇ ತುರ್ತು ಸೇವೆ. ಕಾಲುವೆ ತೆರೆದದ್ದು 1869ರಲ್ಲಿ. ಅಷ್ಟು ಹೊತ್ತಿಗೆ ಸುರಪುರ ನಿಜಾಮರ ಕೈ ಸೇರಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಚೀಟಿ ಇದ್ದವು. ಆದರೆ ಆ ಚೀಟಿ ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿತ್ತು. ಹೊರಗೆ ಹೋಗುವ ಪತ್ರಕ್ಕೆ ಬ್ರಿಟಿಷ್ ಇಂಡಿಯಾದ ಅಂಚೆಯೇ ಗತಿ.

ವಿಮಾನದ ಟಪಾಲು ಬಂದಾಗ ಅದು ಇಳಿದದ್ದು ಇಲ್ಲಿಂದ ಬಹಳ ದೂರವಲ್ಲದ ಬಳ್ಳಾರಿಯಲ್ಲಿ. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತರುತ್ತಿದ್ದ ಅಂಚೆಯನ್ನು ದಕ್ಷಿಣಕ್ಕೆ ಮುಟ್ಟಿಸಲು 1932ರ ಅಕ್ಟೋಬರ್ 15ರಂದು ಟಾಟಾ ಸಂಸ್ಥೆಯ ಹಾರಾಟ ಶುರುವಾಯಿತು. ಕರಾಚಿಯಿಂದ ಮುಂಬೈಗೆ ಜೆ.ಆರ್.ಡಿ. ಟಾಟಾ ತಾವೇ ವಿಮಾನ ಹಾರಿಸಿಕೊಂಡು ಬಂದರು. ಅಲ್ಲಿಂದ ನೆವಿಲ್ ವಿಂಟ್‌ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಅಂಚೆ ಒಯ್ದರು. ಭಾರತದ ವಿಮಾನಯಾನದ ಚರಿತ್ರೆಯಲ್ಲಿ ಬಳ್ಳಾರಿಯ ಈ ಪಾತ್ರಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ಇವತ್ತಿನ ಖಾಸಗಿ ಕೊರಿಯರ್ ಉದ್ಯಮ ಹುಟ್ಟಿದ್ದೇ ತುರ್ತು ಕಾಗದದಿಂದ. 1969ರಲ್ಲಿ ಡಾಲ್ಸಿ, ಹಿಲ್‌ಬ್ಲಾಮ್, ಲಿನ್ ಎಂಬ ಮೂವರು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊನೊಲುಲುಗೆ ಹಡಗಿನ ಸರಕಿನ ದಾಖಲೆಗಳನ್ನು ವಿಮಾನದಲ್ಲಿ ಒಯ್ಯತೊಡಗಿದರು. ಹಡಗು ಬಂದರು ಮುಟ್ಟುವ ಮೊದಲೇ ಕಾಗದ ಮುಟ್ಟಿ, ಸುಂಕದ ಕೆಲಸ ಮುಗಿದಿರುತ್ತಿತ್ತು. ಮೂವರ ಹೆಸರಿನ ಮೊದಲ ಅಕ್ಷರಗಳೇ ಡಿಎಚ್‌ಎಲ್. ಭಾರತದಲ್ಲಿ ಬ್ಲೂ ಡಾರ್ಟ್ 1983ರಲ್ಲಿ ಮುಂಬೈಯಲ್ಲೂ, ಡಿಟಿಡಿಸಿ 1990ರಲ್ಲಿ ಬೆಂಗಳೂರಿನಲ್ಲೂ ಶುರುವಾದವು. ಅಂಚೆ ಇಲಾಖೆ 1986ರ ಆಗಸ್ಟ್ 1ರಂದು ಸ್ಪೀಡ್ ಪೋಸ್ಟ್ ತಂದಿತು. ಪರದೇಶಕ್ಕೆ ಹೋಗುವ ಅದರ ರೂಪಕ್ಕೆ ಇಎಂಎಸ್ ಎನ್ನುತ್ತಾರೆ.

ಹಳ್ಳಿಯವರಿಗೆ ಇರುವ ದಾರಿ ಮುಖ್ಯವಾಗಿ ಈ ಎರಡೇ. ಇಎಂಎಸ್ ಅಗ್ಗ. ಮೊದಲ 250 ಗ್ರಾಮಿಗೆ ಒಂದು ದರ, ಮುಂದಿನ ಪ್ರತಿ 250 ಗ್ರಾಮಿಗೆ ಇನ್ನಷ್ಟು. ಸಾಮಾನ್ಯ ಎ4 ಹಾಳೆ 5 ಗ್ರಾಂ ತೂಗುತ್ತದೆ, ಆದ್ದರಿಂದ ಲಕೋಟೆ ಸೇರಿ ನಲವತ್ತು ಹಾಳೆ ಮೊದಲ ದರದಲ್ಲೇ ಹೋಗುತ್ತವೆ. ಖಾಸಗಿ ಕೊರಿಯರ್ ದುಬಾರಿ. ಕಳಿಸುವವರ ಗುರುತಿನ ದಾಖಲೆಯನ್ನೂ ಕೇಳುತ್ತದೆ. ಆದರೆ ಕಂಪನಿಯದೇ ಜಾಲ ಎರಡೂ ದೇಶಗಳಲ್ಲಿದ್ದರೆ ಲಕೋಟೆ ಕೈ ಬದಲಾಯಿಸುವುದಿಲ್ಲ. ಇಎಂಎಸ್ ಹಾಗಲ್ಲ: ಭಾರತದ ಅಂಚೆ ಆ ದೇಶದ ಅಂಚೆಗೆ ಒಪ್ಪಿಸುತ್ತದೆ, ಮುಂದಿನ ವೇಗ ಅವರದು. ಸಣ್ಣ ಊರಿನ ಕೊರಿಯರ್ ಏಜೆನ್ಸಿ ‘ಮೂರೇ ದಿನ’ ಎಂದರೆ ಆ ದಿನಗಳ ಎಣಿಕೆ ಯಾವ ಊರಿನಿಂದ ಶುರು ಎಂದು ಕೇಳಬೇಕು. ಬಹಳ ಸಲ ಅದು ಲಕೋಟೆ ಮಹಾನಗರ ಸೇರಿದ ಮೇಲಿನ ಲೆಕ್ಕ.

ಇಎಂಎಸ್ ರಶೀದಿಯ ಮೇಲಿನ ಸಂಖ್ಯೆ ಗಮನಿಸುವಂಥದ್ದು. ಮೊದಲಿಗೆ ‘ಇ’ಯಿಂದ ಶುರುವಾಗುವ ಎರಡು ರೋಮನ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಭಾರತವನ್ನು ಸೂಚಿಸುವ ‘ಐಎನ್’. ಒಟ್ಟು ಹದಿಮೂರು. ಒಂಬತ್ತನೆಯ ಅಂಕಿ ಕಾವಲುಗಾರ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, ಮೊತ್ತವನ್ನು 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಿಂದ ಕಳೆದರೆ ಆ ಅಂಕಿ ಬರುತ್ತದೆ. 12345678 ಎಂಬ ಸಂಖ್ಯೆಗೆ ಮೊತ್ತ 204, ಶೇಷ 6, ಕಾವಲಿನ ಅಂಕಿ 5. ಉತ್ತರ 10 ಬಂದರೆ 0, 11 ಬಂದರೆ 5 ಎಂದು ಹಾಕುತ್ತಾರೆ. ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಬಹುಪಾಲು ಸಲ ಕಂಪ್ಯೂಟರ್ ಹಿಡಿಯುವುದು ಇದರಿಂದಲೇ. ಈ ಸಂಖ್ಯೆಯ ವ್ಯವಸ್ಥೆ ವಿಶ್ವ ಅಂಚೆ ಒಕ್ಕೂಟದ್ದು. ಒಕ್ಕೂಟ ಹುಟ್ಟಿದ್ದು 1874ರಲ್ಲಿ, ಭಾರತ ಸೇರಿದ್ದು 1876ರಲ್ಲಿ.

ನಿಜವಾದ ತಡ ಇರುವುದು ಲಕೋಟೆ ಅಂಟಿಸುವ ಮೊದಲು. ಹುಟ್ಟಿದ ದಾಖಲೆ, ಮದುವೆಯ ಪ್ರಮಾಣಪತ್ರ, ಪದವಿ ಪತ್ರ, ಸಾಮಾನ್ಯ ಅಧಿಕಾರ ಪತ್ರ (ಜಿಪಿಎ) ಇವೆಲ್ಲ ಇನ್ನೊಂದು ದೇಶದಲ್ಲಿ ನಡೆಯಬೇಕಾದರೆ ಸಾಮಾನ್ಯವಾಗಿ ರಾಜ್ಯ ಸರ್ಕಾರದ ನಿಗದಿತ ಇಲಾಖೆ ದೃಢೀಕರಿಸಬೇಕು, ಆಮೇಲೆ ವಿದೇಶಾಂಗ ಸಚಿವಾಲಯ ಅಪೋಸ್ಟಿಲ್ ಎಂಬ ದೃಢೀಕರಣ ಚೀಟಿ ಅಂಟಿಸಬೇಕು. 1961ರ ಹೇಗ್ ಒಪ್ಪಂದದಿಂದ ಬಂದ ಈ ಕ್ರಮ ಭಾರತಕ್ಕೆ ಅನ್ವಯವಾದದ್ದು 2005ರ ಜುಲೈ 14ರಿಂದ. ಸೌದಿ ಅರೇಬಿಯಾ 2022ರ ಡಿಸೆಂಬರಿನಲ್ಲಿ, ಕೆನಡಾ 2024ರ ಜನವರಿಯಲ್ಲಿ ಇದರೊಳಗೆ ಬಂದವು. ಒಪ್ಪಂದದ ಹೊರಗಿನ ದೇಶವಾದರೆ ಅದರ ರಾಯಭಾರ ಕಚೇರಿಯ ಮೊಹರೂ ಬೇಕು. ಕನ್ನಡದಲ್ಲಿರುವ ಶಾಲಾ ವರ್ಗಾವಣೆ ಪತ್ರಕ್ಕೆ (ಟಿ.ಸಿ.) ಪ್ರಮಾಣಿತ ಅನುವಾದ ಜೊತೆಯಾಗಬೇಕು. ಅಂಕಪಟ್ಟಿಯ ವಿಚಾರ ಇನ್ನೂ ಕಟ್ಟುನಿಟ್ಟು. ಹೊರದೇಶದ ಅನೇಕ ಸಂಸ್ಥೆಗಳು ವಿಶ್ವವಿದ್ಯಾಲಯವೇ ಮುಚ್ಚಿ ಮೊಹರು ಒತ್ತಿದ ಲಕೋಟೆಯನ್ನಷ್ಟೇ ಒಪ್ಪುತ್ತವೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಕೆಲಸ ಕೆಟ್ಟಿತು. ಯಾದಗಿರಿ ಜಿಲ್ಲೆಯ ಕಾಲೇಜುಗಳು ಮೊದಲು ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲಿದ್ದು ಆಮೇಲೆ ರಾಯಚೂರಿನ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿದವು. ಹಾಗಾಗಿ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂಬುದು ಓದಿ ಮುಗಿಸಿದ ವರ್ಷದ ಮೇಲೆ ನಿಂತಿದೆ.

ಪ್ರತಿಯೊಂದಕ್ಕೂ ಕಾಗದವೇ ಹೋಗಬೇಕೆಂದಿಲ್ಲ. ಆ ಕಡೆಯವರಿಗೆ ಬೇಕಾದದ್ದು ಮೂಲಪ್ರತಿಯೋ ಬರೀ ಮುದ್ರಿತ ಪ್ರತಿಯೋ ಎಂದು ಮೊದಲು ಕೇಳಬೇಕು. ಮುದ್ರಿತ ಪ್ರತಿ ಸಾಕೆಂದರೆ ಪಿಡಿಎಫ್ ಕಳಿಸಿ, ಅಲ್ಲಿನ ಅಂಗಡಿಯಲ್ಲೇ ಅಚ್ಚು ಹಾಕಿಸುವುದು ಎಲ್ಲಕ್ಕಿಂತ ಬೇಗ. ಅಂಚೆ ಇಲಾಖೆ 2004ರಲ್ಲಿ ತಂದ ಇ-ಪೋಸ್ಟ್ ದೇಶದೊಳಗೆ ಮಾಡಿದ್ದೂ ಇದನ್ನೇ: ಈ ಊರಲ್ಲಿ ಸ್ಕ್ಯಾನ್, ಆ ಊರಲ್ಲಿ ಪ್ರಿಂಟ್, ಅಂಚೆಯಣ್ಣನ ಕೈಯಲ್ಲಿ ವಿತರಣೆ. ಸಹಿ ಮಾಡಿದ ಜಿಪಿಎಗೆ ಮಾತ್ರ ಈ ದಾರಿ ಸಲ್ಲದು. ಹೊರದೇಶದಲ್ಲಿರುವ ಮಗ ಊರಿನ ಹೊಲದ ವ್ಯವಹಾರಕ್ಕೆ ಜಿಪಿಎ ಬರೆದು ಕಳಿಸಿದರೆ, ಅದು ಭಾರತಕ್ಕೆ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬ ನಿಯಮವೂ ಇದೆ.

ಅನಿರೀಕ್ಷಿತ ತಡೆಗಳೂ ಬರುತ್ತವೆ. 800 ಡಾಲರ್‌ವರೆಗಿನ ಸಾಮಾನಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ ತೆಗೆದಾಗ, 2025ರ ಆಗಸ್ಟ್ 25ರಿಂದ ಭಾರತೀಯ ಅಂಚೆ ಅಲ್ಲಿಗೆ ಬಹುಪಾಲು ಬುಕಿಂಗ್ ನಿಲ್ಲಿಸಿತು. ಪತ್ರ, ದಾಖಲೆಗಳನ್ನು ಮೊದಲು ಬಿಟ್ಟಿದ್ದರು, ಕೆಲವೇ ದಿನಗಳಲ್ಲಿ ಅವೂ ನಿಂತವು. ಸೇವೆ ಮರಳಿದ್ದು ಅಕ್ಟೋಬರ್ 15ಕ್ಕೆ. ಆ ನಡುವೆ ತುರ್ತು ಇದ್ದವರಿಗೆ ಖಾಸಗಿ ಕೊರಿಯರ್ ಬಿಟ್ಟರೆ ಅಲ್ಲಿಗೆ ಹೊರಟ ಪ್ರಯಾಣಿಕರೇ ಗತಿಯಾದರು.

ತಿಂಥಣಿ ಕಡೆಯವರು ಇಎಂಎಸ್ ಮಾಡಬೇಕಾದರೆ ಸುರಪುರ ಅಥವಾ ಯಾದಗಿರಿಯ ದೊಡ್ಡ ಅಂಚೆ ಕಚೇರಿಗೆ, ಬೆಳಗಿನ ಹೊತ್ತಿನಲ್ಲೇ ಹೋಗುವುದು ಲೇಸು. ಸಂಜೆಯ ಚೀಲ ಹೊರಟ ಮೇಲೆ ಬುಕ್ ಮಾಡಿದರೆ ಒಂದು ದಿನ ಹೋಯಿತೆಂದೇ ಲೆಕ್ಕ. ಸೌದಿಯಲ್ಲಿ ಶುಕ್ರವಾರ, ಶನಿವಾರ ರಜೆ ಎಂಬುದನ್ನು ಮರೆಯಬಾರದು. ಲಕೋಟೆಯಲ್ಲಿ ನೋಟು ಇಡಬಾರದು. ಪಡೆಯುವವರ ವಿಳಾಸವನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಲ್ಲಿ, ಅಲ್ಲಿನ ಮೊಬೈಲ್ ನಂಬರಿನೊಂದಿಗೆ ಬರೆಯಬೇಕು. ಪ್ರತಿ ಹಾಳೆಯನ್ನೂ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡು, ರಶೀದಿಯ ಫೋಟೋವನ್ನು ಕೌಂಟರಿನ ಮುಂದೆಯೇ ತೆಗೆದು ಆ ಕಡೆಯವರಿಗೆ ಕಳಿಸಿಬಿಡಿ.