ಮಗುಚಿ ನೋಡಿದರೆ ನೇರಳೆ

ಬಿಸಿಲೆಗೆ ಕೊರಿಯರ್ ಬರುವುದಿಲ್ಲ. ಹೆತ್ತೂರಿನವರೆಗೆ ಬಂದು, ಅಲ್ಲಿ ಗೊತ್ತಿದ್ದವರ ಅಂಗಡಿಯಲ್ಲಿ ಕೂತು, ನಾವು ಆ ಕಡೆ ಹೋದ ದಿನ ಕೈ ಸೇರುತ್ತದೆ. ಕಳೆದ ಮಳೆಗಾಲದಲ್ಲಿ ಹಾಗೆ ನಾಲ್ಕು ದಿನ ಕೂತು ಬಂದ ಪೊಟ್ಟಣದಲ್ಲಿ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಡಿವಿಡಿ ಇತ್ತು. ಅವ್ವನಿಗೆ ಆ ಸಿನಿಮಾದ ಮೇಲೆ ಇನ್ನಿಲ್ಲದ ಆಸೆ. ಮೊಬೈಲಿನಲ್ಲಿ ತೋರಿಸೋಣವೆಂದರೆ ನಮ್ಮಲ್ಲಿ ನೆಟ್‌ವರ್ಕ್ ಗುಡ್ಡ ಹತ್ತಿದವರಿಗೆ ಮಾತ್ರ. ಅದೂ ಅಲ್ಲದೆ, ‘ಅಷ್ಟಗಲದಲ್ಲಿ ನಂಗೆ ಏನ್ ಕಾಣುತ್ತೋ’ ಎಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು. ಹಳೆಯ ಪ್ಲೇಯರ್ ಇನ್ನೂ ಓಡುತ್ತದೆ. ಆನ್‌ಲೈನಿನಲ್ಲಿ ಹುಡುಕಿ, ‘ನೂರಕ್ಕೆ ನೂರು ಒರಿಜಿನಲ್’ ಎಂದು ಬರೆದಿದ್ದನ್ನು ನೋಡಿ, 399 ರೂಪಾಯಿ ಕಟ್ಟಿದ್ದೆ.

ಡಬ್ಬಿ ತೆರೆದವನು ಮೇಲಿನ ಚಿತ್ರವನ್ನೂ ನೋಡದೆ ಡಿಸ್ಕನ್ನು ಮಗುಚಿದೆ. ನೇರಳೆ ಬಣ್ಣ.

‘ಯಾಕೋ, ಹಾಕದೆ ಅದೇನು ತಿರುಗಿಸಿ ತಿರುಗಿಸಿ ನೋಡ್ತೀಯ?’ ಎಂದಳು ಅವ್ವ.

ಏನು ಹೇಳಲಿ! 1989ರಿಂದ 2011ರವರೆಗೆ ಹೆತ್ತೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು ನಾನು. ಆ ಇಪ್ಪತ್ತೆರಡು ವರ್ಷದಲ್ಲಿ ನಕಲಿ ಮಾಲು ಮಾರಿದವನೂ ಹೌದು. ಅದನ್ನು ಇಲ್ಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳಲು ಸಲೀಸು.

ನಾನು ಅಂಗಡಿ ಇಡುವ ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಉಕ್ಕಿ ಹರಿಯುತ್ತಿತ್ತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. 1987ರಲ್ಲಿ ಲಹರಿಯವರ ‘ಪ್ರೇಮಲೋಕ’ ಬಂದ ಮೇಲಂತೂ ತೋಟದ ಲೈನ್ ಮನೆಗಳಲ್ಲೂ ಟೇಪ್ ರೆಕಾರ್ಡರ್ ಕೂಗತೊಡಗಿತು. ಆಗ ಅಸಲಿ ಗುರುತಿಸುವುದು ಮಕ್ಕಳಾಟ. ಅಸಲಿಯಲ್ಲಿ ಹೆಸರು ಕ್ಯಾಸೆಟ್ಟಿನ ಮೈಮೇಲೇ ಅಚ್ಚಾಗಿರುತ್ತಿತ್ತು, ಮೂಲೆಗೆ ತಿರುಪು ಇರುತ್ತಿತ್ತು, ಟೇಪು ಸಿಕ್ಕಿಕೊಂಡರೆ ಬಿಚ್ಚಿ ಸರಿ ಮಾಡಬಹುದಿತ್ತು. ನನ್ನ ಕೈಗೆ ಬರುತ್ತಿದ್ದ ನಕಲಿಗೆ ಕಾಗದದ ಚೀಟಿ, ಅಂಟು ಹಾಕಿ ಮುಚ್ಚಿದ ಮೈ. ಒಳಗಿನ ಹಾಳೆಯಲ್ಲಿ ನಾಯಕಿಯ ಮುಖ ಅರಿಶಿನ ಕಾಮಾಲೆ ಆದವಳ ಹಾಗೆ. ಖಾಲಿ ಕ್ಯಾಸೆಟ್ಟಿಗೆ ಹಾಡಿನ ಪಟ್ಟಿ ಬರೆದುಕೊಟ್ಟು ತುಂಬಿಸಿಕೊಂಡು ಹೋಗುವವರು ಬೇರೆ ಇದ್ದರು. ಅದೂ ಕಾನೂನಿಗೆ ವಿರುದ್ಧವೇ, ಆದರೆ ಅದನ್ನು ಕಳ್ಳತನ ಎಂದು ಹೆತ್ತೂರು ಹೋಬಳಿಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ನಾನೂ.

ವಿಡಿಯೋ ಕ್ಯಾಸೆಟ್ಟಿನದು ಇನ್ನೊಂದು ಕಥೆ. ಸುಗ್ಗಿ ಹಬ್ಬಕ್ಕೋ ಮದುವೆ ಮನೆಗೋ ಟಿವಿ, ವಿಸಿಪಿ, ನಾಲ್ಕು ಕ್ಯಾಸೆಟ್ ಒಂದು ರಾತ್ರಿಗೆ ಬಾಡಿಗೆ. ಕರೆಂಟು ಹೋಗುವುದು ಖಂಡಿತವಾದ್ದರಿಂದ ಜನರೇಟರ್ ಕೂಡ ಜೀಪಿನಲ್ಲಿ ಹೋಗಬೇಕು. ಆ ನಾಲ್ಕು ಕ್ಯಾಸೆಟ್ಟಿನಲ್ಲಿ ಒಂದೂ ಅಸಲಿಯಲ್ಲ. ನಕಲಿನ ನಕಲು, ಅದರ ನಕಲು. ಟೇಪಿನ ಗುಣವೇ ಹಾಗೆ, ಪ್ರತಿ ಸಲ ಪ್ರತಿ ತೆಗೆದಾಗಲೂ ಬಣ್ಣ ಕದಡಿ ಅಂಚು ಹರಡುತ್ತದೆ. ನಾಲ್ಕನೇ ತಲೆಮಾರಿನ ಕ್ಯಾಸೆಟ್ಟಿನಲ್ಲಿ ರಾಜ್‌ಕುಮಾರ್ ಅವರನ್ನು ಮೂಗಿನಿಂದ ಗುರುತಿಸಬೇಕಿತ್ತು. ಒಂದು ಅನುಕೂಲವೇನೆಂದರೆ, ನಕಲಿ ತನ್ನನ್ನು ತಾನೇ ಪರದೆಯ ಮೇಲೆ ಹೇಳಿಕೊಳ್ಳುತ್ತಿತ್ತು.

ಡಿಸ್ಕು ಬಂದದ್ದೇ ಆ ಅನುಕೂಲ ಹೋಯಿತು. ವಿಸಿಡಿಯ ಮಾದರಿ ನಿಗದಿಯಾದದ್ದು 1993ರಲ್ಲಿ, ಡಿವಿಡಿ ಜಪಾನಿನ ಅಂಗಡಿಗೆ ಬಂದದ್ದು 1996ರ ಕೊನೆಗೆ. ನಮ್ಮ ಗುಡ್ಡ ಹತ್ತುವಾಗ ಹೊಸ ಶತಮಾನ ಶುರುವಾಗಿತ್ತು. ಡಿಸ್ಕಿನಲ್ಲಿರುವುದು ಬರೀ ಸೊನ್ನೆ-ಒಂದುಗಳ ಲೆಕ್ಕ. ಲೆಕ್ಕವನ್ನು ಎಷ್ಟು ಸಲ ನಕಲು ಮಾಡಿದರೂ ಮೊತ್ತ ಬದಲಾಗುವುದಿಲ್ಲ. ಸರಿಯಾಗಿ ನಕಲಾದ ಡಿಸ್ಕನ್ನು ಟಿವಿಯಲ್ಲಿ ನೋಡಿ ಬ್ರಹ್ಮನೂ ಹಿಡಿಯಲಾರ. ಮಗುಚಿ ನೋಡುವ ವಿದ್ಯೆ ಹುಟ್ಟಿದ್ದು ಆಗ.

ಆ ವಿದ್ಯೆಯ ಒಳಗುಟ್ಟು ಇಷ್ಟು. ಅಸಲಿ ಡಿಸ್ಕನ್ನು ಕಾರ್ಖಾನೆಯಲ್ಲಿ ಒತ್ತುತ್ತಾರೆ, ನಮ್ಮಲ್ಲಿ ಚಕ್ಕುಲಿ ಒತ್ತಿದ ಹಾಗಲ್ಲ, ನಾಣ್ಯ ಅಚ್ಚು ಹಾಕಿದ ಹಾಗೆ. ಗಾಜಿನ ಮೇಲೆ ಮೂಲ ಪ್ರತಿ, ಅದರಿಂದ ನಿಕ್ಕಲ್ ಅಚ್ಚು, ಆ ಅಚ್ಚಿಗೆ ಕರಗಿದ ಪಾಲಿಕಾರ್ಬೊನೇಟ್, ಮೇಲೆ ಅಲ್ಯುಮಿನಿಯಂನ ತೆಳು ಲೇಪ. ಹಾಗಾಗಿ ಬೆನ್ನು ಬೆಳ್ಳಿಯಂತೆ ಹೊಳೆಯುತ್ತದೆ. ಎರಡು ಪದರದ್ದಾದರೆ ಸ್ವಲ್ಪ ಹೊನ್ನಿನ ಛಾಯೆ. ಕಂಪ್ಯೂಟರಿನಲ್ಲಿ ‘ರೈಟ್’ ಮಾಡುವ ಡಿಸ್ಕಿನೊಳಗೆ ಬಣ್ಣದ ಪದರ ಇರುತ್ತದೆ, ಲೇಸರ್ ಅದನ್ನು ಸುಟ್ಟು ಬರೆಯುತ್ತದೆ. ಆ ಬಣ್ಣವೇ ಬೆನ್ನಿನಲ್ಲಿ ಕಾಣುವುದು. ಸಿಡಿಯಲ್ಲಿ ಹಸಿರೋ ನೀಲಿಯೋ ಆದರೆ, ಡಿವಿಡಿಯಲ್ಲಿ ಸಾಮಾನ್ಯವಾಗಿ ನೇರಳೆ.

ಬೆಳ್ಳಿ ಕಂಡ ಮಾತ್ರಕ್ಕೆ ನಂಬಬೇಕಿಲ್ಲ. ನಕಲಿಯನ್ನೂ ಕಾರ್ಖಾನೆಯಲ್ಲೇ ಒತ್ತುವ ದೊಡ್ಡ ಕುಳಗಳು ಇದ್ದರು. ಅದಕ್ಕೇ 1994ರಲ್ಲಿ ಫಿಲಿಪ್ಸ್ ಕಂಪನಿ ಮತ್ತು ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ಒಂದು ಗುರುತು ತಂದವು. ಡಿಸ್ಕಿನ ನಡುತೂತಿನ ಸುತ್ತ ಕಣ್ಣಿಗೆ ಹತ್ತಿರ ಹಿಡಿದರೆ ‘ಐಎಫ್‌ಪಿಐ’ ಎಂಬ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಯಾವ ಕಾರ್ಖಾನೆಯ ಅಚ್ಚು ಎಂಬುದು ಅದರಿಂದ ತಿಳಿಯುತ್ತದೆ. ಕಳ್ಳ ಮಾಲಿನಲ್ಲಿ ಅದು ಇರುವುದಿಲ್ಲ, ಇಲ್ಲವೇ ಗೀಚಿ ಅಳಿಸಿರುತ್ತಾರೆ. ಹೊರದೇಶದವರು ಇನ್ನೊಂದು ಉಪಾಯ ಹೇಳುತ್ತಾರೆ. ಡಿವಿಡಿಯ ಮೇಲೆ ವಲಯದ ಸಂಖ್ಯೆ ಇರಬೇಕು, ‘ಎಲ್ಲ ವಲಯ’ ಎಂದಿದ್ದರೆ ಅನುಮಾನಿಸಿ ಎಂದು. ನಮಗೆ ಅದು ಉಪಯೋಗವಿಲ್ಲ. ಭಾರತದ್ದು 5ನೇ ವಲಯವೇನೋ ಹೌದು, ಆದರೆ ನಮ್ಮ ಚಿತ್ರಗಳ ಅಸಲಿ ಡಿವಿಡಿಗಳಲ್ಲೇ ಬಹಳಷ್ಟು ಎಲ್ಲ ವಲಯಕ್ಕೂ ಬಿಟ್ಟವು.

ನಮ್ಮ ದೇಶದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಕಾನೂನೇ ಹೇಳಿದ ಗುರುತು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿಯಾಗಿ 52ಎ ಎಂಬ ಕಲಮು ಸೇರಿತು, ಕ್ಯಾಸೆಟ್ ಕಳ್ಳರ ಉಪಟಳಕ್ಕೆ. ಅದರ ಪ್ರಕಾರ ವಿಡಿಯೋ ಚಿತ್ರವನ್ನು ಮಾರುವಾಗ ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ ಕಾಣಬೇಕು. ಸೆನ್ಸಾರ್ ಪ್ರಮಾಣಪತ್ರದ ಪ್ರತಿಯೂ ಇರಬೇಕು. ಅಂಗಡಿ ನಡೆಸುವಾಗ ನಾನು ಈ ಕಲಮನ್ನು ಓದಿದವನಲ್ಲ. ಆದರೆ ಕವರಿನ ಹಿಂದೆ ವಿಳಾಸ ಇಲ್ಲದ ಮಾಲು ಮೇಜಿನ ಕೆಳಗೆ, ಇರುವ ಮಾಲು ಗಾಜಿನ ಒಳಗೆ ಎಂಬುದು ಗೊತ್ತಿತ್ತು. ನಕಲಿ ಮಾರಿ ಸಿಕ್ಕಿಬಿದ್ದರೆ 63ನೇ ಕಲಮಿನ ಕೆಳಗೆ ಆರು ತಿಂಗಳಿಂದ ಮೂರು ವರ್ಷ ಸಜೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಸಾಲದೆಂದು ಕರ್ನಾಟಕದ 1985ರ ಗೂಂಡಾ ಕಾಯ್ದೆಯ ಹೆಸರಿಗೇ ವಿಡಿಯೋ ಆಡಿಯೋ ಕಳ್ಳರು ಸೇರಿದರು. ಕಳ್ಳಭಟ್ಟಿಯವರು, ಜೂಜುಕೋರರು, ಅವರ ಬಾಲಕ್ಕೆ ನಾವು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದಾದ ಕಾಯ್ದೆ ಅದು. ‘ಪೇಟೆಯಲ್ಲಿ ರೈಡ್ ಆಗಿದೆಯಂತೆ’ ಎಂಬ ಸುದ್ದಿ ಸಕಲೇಶಪುರದ ಬಸ್ಸಿನಲ್ಲಿ ಬಂದಿಳಿದರೆ ನನ್ನ ಮೇಜಿನ ಕೆಳಗಿನ ಡಬ್ಬ ಪಕ್ಕದ ಹಿಟ್ಟಿನ ಗಿರಣಿಗೆ ಹೋಗುತ್ತಿತ್ತು.

ಎಲ್ಲಿಂದ ತರುತ್ತಿದ್ದೆ ಎಂದರೆ, ಬೆಂಗಳೂರಿನ ಮೆಜೆಸ್ಟಿಕ್ಕಿನ ಬೀದಿಬದಿಯಿಂದ. ಕನ್ನಡ ಚಿತ್ರರಂಗದ ನಿರ್ಮಾಪಕರು, ಹಂಚಿಕೆದಾರರು ಕಚೇರಿ ಮಾಡಿಕೊಂಡಿರುವ ಗಾಂಧಿನಗರ ಅಲ್ಲೇ ಪಕ್ಕದಲ್ಲಿ. ಅವರು ಮಾಡಿದ ಸಿನಿಮಾ ಅವರ ಕಿಟಕಿಯ ಕೆಳಗೇ 30 ರೂಪಾಯಿಗೆ ಸಿಗುತ್ತಿತ್ತು.

‘ಮುಂಗಾರು ಮಳೆ’ ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ಸಕಲೇಶಪುರದ ಸುತ್ತಮುತ್ತ ಚಿತ್ರೀಕರಣ ನಡೆದಿತ್ತಲ್ಲ, ನಮ್ಮೂರ ಮಳೆ ನೋಡಬೇಕೆಂದು ಅಂಗಡಿಗೆ ಜನವೋ ಜನ. ಥಿಯೇಟರಿನಲ್ಲಿ ಕ್ಯಾಮೆರಾ ಇಟ್ಟು ಕದ್ದ ‘ಕ್ಯಾಮೆರಾ ಪ್ರಿಂಟ್’ ನನಗೆ ಸಿಕ್ಕಿತು. ನಡುವೆ ಯಾರೋ ಎದ್ದುಹೋಗುವ ನೆರಳು, ಯಾರದೋ ಕೆಮ್ಮು. ಅದನ್ನೆಲ್ಲ ಜನ ಸಹಿಸುತ್ತಿದ್ದರು. ಆದರೆ ಆ ಪ್ರಿಂಟಿನಲ್ಲಿ ಮಳೆಯೇ ಕಾಣುತ್ತಿರಲಿಲ್ಲ. ಹನಿಗಳೆಲ್ಲ ಬೂದು ಮಬ್ಬಿನಲ್ಲಿ ಕಲಸಿಹೋಗಿದ್ದವು, ಸದ್ದು ಮಾತ್ರ ಸುರಿಯುತ್ತಿತ್ತು. ಬಿಸಿಲೆಯ ಅಜ್ಜನೊಬ್ಬ ಸಿಡಿ ವಾಪಸು ಎಸೆದು, ‘ಮಳೆ ಅಂತೀಯಲ್ಲೋ ಮಾರಾಯ, ಇದು ಮಂಜು ಕಣೋ’ ಎಂದ. ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ನನಗೆ ನಾಚಿಕೆಯಾದದ್ದು ಅದೊಂದೇ ದಿನ.

ಮರುವರ್ಷವೇ ಮೋಸರ್ ಬೇರ್ ಎಂಬ ಕಂಪನಿ, ಖಾಲಿ ಡಿಸ್ಕು ಒತ್ತುವುದರಲ್ಲಿ ಜಗತ್ತಿನ ದೊಡ್ಡವರಲ್ಲಿ ಒಬ್ಬರಾಗಿದ್ದವರು, ಅಸಲಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34ಕ್ಕೆ ಬಿಟ್ಟರು. ಕನ್ನಡದವೂ ಬಂದವು. ಅಲ್ಲಿಯವರೆಗೆ ಅಸಲಿ ನೂರರ ಮೇಲೆ, ನಕಲಿ ಮೂವತ್ತು. ಪೊಲೀಸರು ಇಪ್ಪತ್ತು ವರ್ಷ ಮಾಡಲಾಗದ್ದನ್ನು ಆ ದರಪಟ್ಟಿ ಮಾಡಿತು ಎಂದೇ ನನ್ನ ಲೆಕ್ಕ. ನನ್ನ ಮೇಜಿನ ಕೆಳಗಿನ ಡಬ್ಬ ಆ ವರ್ಷ ಖಾಲಿಯಾಯಿತು. ಪ್ರಾಮಾಣಿಕತೆ ಉಕ್ಕಿ ಬಂದು ಅಲ್ಲ, ನಾಲ್ಕು ರೂಪಾಯಿ ಉಳಿಸಲು ನಕಲಿಯನ್ನು ಯಾರೂ ಕೇಳುತ್ತಿರಲಿಲ್ಲ, ಅಷ್ಟೆ.

ಬಿಸಿಲೆಯ ಮಳೆಯೂ ಒಂದು ಪರೀಕ್ಷೆ ಇಟ್ಟಿತ್ತು. ಜೂನಿನಿಂದ ನಾಲ್ಕು ತಿಂಗಳು ಇಲ್ಲಿ ಗೋಡೆಯೂ ಬೆವರುತ್ತದೆ. ಪುಷ್ಪಗಿರಿಯ ಕಡೆಯಿಂದ ಮೋಡ ಮನೆಯೊಳಗೇ ಬಂದು ಕೂರುತ್ತದೆ. ಕ್ಯಾಸೆಟ್ಟಿಗೆ ಬಿಳಿ ಬೂಷ್ಟು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಚೀಲದ ಪಕ್ಕ ಇಡುತ್ತಿದ್ದೆವು. ರೈಟ್ ಮಾಡಿದ ಡಿಸ್ಕುಗಳು ಮೂರನೇ ಮಳೆಗಾಲ ದಾಟುತ್ತಿರಲಿಲ್ಲ. ಬಣ್ಣ ಕಳೆದು, ಅರ್ಧ ಸಿನಿಮಾಕ್ಕೆ ಬಂದು ನಿಂತುಬಿಡುತ್ತಿದ್ದವು. ಒತ್ತಿದ ಡಿಸ್ಕುಗಳು, 34 ರೂಪಾಯಿಯವೇ, ಇವತ್ತಿಗೂ ಅಟ್ಟದಿಂದ ತೆಗೆದು ಒರೆಸಿ ಹಾಕಿದರೆ ಓಡುತ್ತವೆ.

ಅಂಗಡಿ ಮುಚ್ಚಿದ್ದು ದಾಳಿಗೆ ಹೆದರಿ ಅಲ್ಲ. ಪೆನ್‌ಡ್ರೈವ್ ಬಂತು, ಹತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬಿಸಿಕೊಡುವ ಮೊಬೈಲ್ ಅಂಗಡಿ ಬಂತು. ಅಸಲಿ, ನಕಲಿ ಎರಡನ್ನೂ ಕೇಳುವವರಿಲ್ಲವಾಯಿತು. ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿಯಾಗಿ ಸಮಾಪನಕ್ಕೆ ಹೋಯಿತು. ಹಾಗಾಗಿ ಇವತ್ತು ಆನ್‌ಲೈನಿನಲ್ಲಿ ಹಳೆಯ ಕನ್ನಡ ಸಿನಿಮಾದ ಡಿವಿಡಿ ಕಂಡರೆ, ಅದು ಯಾರದೋ ಗೋದಾಮಿನಲ್ಲಿ ಉಳಿದ ಹಳೆ ಸರಕಾಗಿರಬೇಕು, ಇಲ್ಲವೇ ನಿನ್ನೆ ರಾತ್ರಿ ರೈಟ್ ಮಾಡಿದ್ದಾಗಿರಬೇಕು.

ಅವ್ವನ ಡಿಸ್ಕು ಎರಡನೆಯ ಜಾತಿಯದು. ಬೆನ್ನು ನೇರಳೆ. ನಡುತೂತಿನ ಸುತ್ತ ಖಾಲಿ ಡಿಸ್ಕಿನವರ ಸಂಖ್ಯೆ ಬಿಟ್ಟರೆ ಏನೂ ಇಲ್ಲ. ಕವರಿನ ಹಿಂದೆ ವಿಳಾಸವಿಲ್ಲ, ಸೆನ್ಸಾರ್ ಪತ್ರವಿಲ್ಲ. ಸಿದ್ಧಲಿಂಗಯ್ಯನವರು 1974ರಲ್ಲಿ ಆ ಚಿತ್ರ ಮಾಡಿದ್ದು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ. ಕವರಿನಲ್ಲಿ ‘ಗೂರೂರು’ ಎಂದಿತ್ತು. ನಮ್ಮ ಹೇಮಾವತಿ ಸಕಲೇಶಪುರ ದಾಟಿ ಹೋಗಿ ನಿಲ್ಲುವುದು ಅದೇ ಗೊರೂರಿನ ಅಣೆಕಟ್ಟೆಯಲ್ಲಿ. ಹಾಸನ ಜಿಲ್ಲೆಯವನಿಗೆ ಕಳಿಸುವ ಕವರಿನಲ್ಲಿ ಈ ತಪ್ಪು ಮಾಡಬಾರದಿತ್ತು. ಫೋಟೊ ತೆಗೆದು ಕಳಿಸಿದೆ, ದುಡ್ಡು ವಾಪಸು ಬಂತು, ಡಿಸ್ಕು ಹಿಂದಿರುಗಿಸುವುದು ಬೇಡವೆಂದರು. ಹಾಕಿ ನೋಡಿದೆವು. ಒಂದೇ ಡಿಸ್ಕಿನಲ್ಲಿ ಇನ್ನೂ ನಾಲ್ಕು ಸಿನಿಮಾ ತುರುಕಿದ್ದರಿಂದ ಮುಖಗಳೆಲ್ಲ ಚೌಕ ಚೌಕ. ಅವ್ವ ಅರ್ಧಕ್ಕೇ ಎದ್ದು ಹೋದಳು.

ಓದುವವರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಈ ಚಿತ್ರದ ಹಳೆಯ ಡಿಸ್ಕು ಇದ್ದರೆ ಒಮ್ಮೆ ಮಗುಚಿ ನೋಡಿ. ಬೆಳ್ಳಿಯಿದ್ದರೆ ಎಸೆಯಬೇಡಿ. ಹೆತ್ತೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ‘ಬಿಸಿಲೆಯ ಕ್ಯಾಸೆಟ್ ಅಂಗಡಿಯವನಿಗೆ’ ಎಂದರೆ ಸಾಕು, ತಲುಪುತ್ತದೆ.