ರಬ್ಬರ್ ಎಂಬ ಹೆಸರು, ಇಂಡಿಯಾ ಎಂಬ ವಿಳಾಸ

ಸುಳ್ಯ, ಪುತ್ತೂರು, ಕಡಬದ ಗುಡ್ಡಗಳಲ್ಲಿ ರಬ್ಬರ್ ಎಂದರೆ ಮರ. ಅದರ ಹಾಲು, ಹೊಗೆಮನೆಯಲ್ಲಿ ಒಣಗುವ ಶೀಟು. ಅದೇ ಊರಿನ ಶಾಲಾ ಮಕ್ಕಳಿಗೆ ಪೆನ್ಸಿಲ್ ಬರಹ ಅಳಿಸುವ ತುಂಡು. ಮರದ ಹೆಸರೇ ತುಂಡಿಗೆ ಬಂದಿರಬೇಕು ಎಂದು ಯಾರಿಗಾದರೂ ಅನಿಸೀತು. ಆದದ್ದು ತಿರುಗಾಮುರುಗಾ.

ಇಂಗ್ಲಿಷಿನಲ್ಲಿ ‘ರಬ್’ ಎಂದರೆ ಉಜ್ಜು, ತಿಕ್ಕು. ‘ರಬ್ಬರ್’ ಎಂದರೆ ಉಜ್ಜುವ ಸಾಧನ, ಅಷ್ಟೇ. ಅಮೆಜಾನ್ ಕಾಡಿನವರು ಬಳಸುತ್ತಿದ್ದ ಮರದ ಅಂಟು ಯುರೋಪಿಗೆ ಬಂದಾಗ ಅದರಿಂದ ಏನು ಮಾಡಬಹುದೆಂದು ಅಲ್ಲಿನವರಿಗೆ ಹೊಳೆಯಲಿಲ್ಲ. ಪೆನ್ಸಿಲ್ ಗೀಟನ್ನು ಅದು ಚೆನ್ನಾಗಿ ಒರೆಸುತ್ತದೆಂದು ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ 1770ರಲ್ಲಿ ಬರೆದ. ಅಲ್ಲಿಯವರೆಗೆ ಬ್ರೆಡ್ಡಿನ ತುಣುಕೇ ಗತಿಯಾಗಿತ್ತು. ಲಂಡನ್ನಿನಲ್ಲಿ ಅರ್ಧ ಅಂಗುಲದ ತುಂಡಿಗೆ 3 ಶಿಲಿಂಗ್ ಬೆಲೆ! ಉಜ್ಜುವ ಕೆಲಸದಿಂದ ವಸ್ತುವಿಗೆ ಹೆಸರು ಬಂತು. ಮರಕ್ಕೆ ಬಂದದ್ದು ಆಮೇಲೆ. (ಅಮೆರಿಕದ ಅಂಗಡಿಯಲ್ಲಿ ರಬ್ಬರ್ ಕೇಳುವವರು ಜಾಗ್ರತೆ ವಹಿಸಬೇಕು. ಅಲ್ಲಿನ ಆಡುಮಾತಿನಲ್ಲಿ ಅದು ನಿರೋಧ್.)

ಹಳೆಯ ಪೂರ್ತಿ ಹೆಸರು ‘ಇಂಡಿಯಾ ರಬ್ಬರ್’. ಆ ಇಂಡಿಯಾ ನಮ್ಮದಲ್ಲ. ಕೊಲಂಬಸನ ತಪ್ಪು ತಿಳಿವಳಿಕೆಯಿಂದ ಅಮೆರಿಕಕ್ಕೆ ಅಂಟಿದ ‘ಇಂಡೀಸ್’ ಅದು. ನಿಜವಾದ ಇಂಡಿಯಾಕ್ಕೆ ಮರ ಬಂದದ್ದು ಸುತ್ತುಬಳಸಿನ ದಾರಿಯಲ್ಲಿ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತವುಗಳಲ್ಲಿ ಸುಮಾರು 1,900 ಸಸಿಗಳು ಸಿಲೋನಿಗೆ ಹೋದವು. ಅಲ್ಲಿಂದ ದಕ್ಷಿಣ ಭಾರತಕ್ಕೆ ಬಂದವು.

ಮರ ಬಂದ ಆ ಸಿಲೋನಿನಿಂದಲೇ ಸುಳ್ಯ ಸೀಮೆಗೆ ಜನರೂ ಬಂದರು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ತೋಟಗಳಿಗೆ ಕೂಲಿಗಾಗಿ ಹೋದ ತಮಿಳರ ಮಕ್ಕಳು, ಮೊಮ್ಮಕ್ಕಳು ಸ್ವತಂತ್ರ ಸಿಲೋನಿನಲ್ಲಿ ಪೌರತ್ವವಿಲ್ಲದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿ ಭಾರತದ ಪಾಲಿಗೆ, 3,00,000 ಮಂದಿ ಸಿಲೋನಿನ ಪಾಲಿಗೆ ಎಂದು ಹಂಚಿಕೆಯಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ಅಡಿಕೆ ಮೂಟೆ ಪಾಲು ಮಾಡಿದ ಹಾಗೆ!

ಕಾಗದದಲ್ಲಿ ಅವರು ‘ತಾಯ್ನಾಡಿಗೆ ಮರಳಿದವರು’. ಆದರೆ ಎಷ್ಟೋ ಮಂದಿ ಹುಟ್ಟಿದ್ದೇ ಸಿಲೋನಿನಲ್ಲಿ; ಇಂಡಿಯಾ ಅವರ ಪಾಲಿಗೂ ಹೆಸರಿನಲ್ಲಷ್ಟೇ ಇತ್ತು. ಅವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು, ಸುಬ್ರಹ್ಮಣ್ಯ ಸುತ್ತಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ, ವಸತಿ ಕೊಡಲಾಯಿತು. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಆ ತೋಟಗಳನ್ನು ನಡೆಸಿತು. ಚಹಾ ಎಲೆ ಚಿವುಟಿ ಪಳಗಿದ ಕೈಗಳು ಇಲ್ಲಿ ಬೆಳಗಿನ ಜಾವ ಎದ್ದು, ಮರಕ್ಕೆ ಗಾಯವಾಗದಂತೆ ತೊಗಟೆ ಕೆತ್ತುವುದನ್ನು ಕಲಿತವು. ಅವರ ಮಕ್ಕಳು ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಮಾತಾಡುತ್ತ ಬೆಳೆದರು.