ಉಳಿದುಹೋದ ಮುದ್ರೆಗಳು

ಹಳೆಯ ಲ್ಯಾಪ್‌ಟಾಪನ್ನು ತಂಗಿಗೆ ಕೊಡುವ ಮುನ್ನ ಅದರಲ್ಲಿದ್ದ ಉಬುಂಟುವನ್ನು ಶುಚಿ ಮಾಡಲು ಕುಳಿತಿದ್ದೆ. ಎರಡು ವರ್ಷದ ಹಿಂದೆಯೇ ತೆಗೆದುಹಾಕಿದ್ದ ತಂತ್ರಾಂಶವೊಂದರ ಕೀಲಿ ‘ಟ್ರಸ್ಟೆಡ್.ಜಿಪಿಜಿ.ಡಿ’ ಫೋಲ್ಡರಿನಲ್ಲಿ ಹಾಗೆಯೇ ಇತ್ತು. ತಂತ್ರಾಂಶ ಹೋಗಿತ್ತು, ಅದರ ಮೇಲೆ ಇಟ್ಟ ನಂಬಿಕೆ ಹೋಗಿರಲಿಲ್ಲ.

ಈ ನಂಬಿಕೆಗೊಂದು ಚರಿತ್ರೆಯಿದೆ. 1991ರಲ್ಲಿ ಫಿಲ್ ಝಿಮರ್‌ಮನ್ ಪಿಜಿಪಿಯನ್ನು ಹೊರತಂದರು. 1999ರಲ್ಲಿ ವರ್ನರ್ ಕಾಖ್ ಅದರ ಮುಕ್ತ ರೂಪವಾದ ಗ್ನೂಪಿಜಿಯ ಮೊದಲ ಪೂರ್ಣ ಆವೃತ್ತಿಯನ್ನು ಕೊಟ್ಟರು. 1993ರಲ್ಲಿ ಹುಟ್ಟಿದ ಡೆಬಿಯನ್‌ನ ಪ್ಯಾಕೇಜುಗಳು ಜಗತ್ತಿನ ಹಲವು ಸರ್ವರುಗಳಿಂದ ಬಳಕೆದಾರರನ್ನು ತಲುಪುತ್ತಿದ್ದವು. ದಾರಿಯಲ್ಲಿ ಯಾರೂ ತಿದ್ದಿಲ್ಲವೆಂದು ಆಪ್ಟ್ ತಾನಾಗಿ ಪರೀಕ್ಷಿಸುತ್ತಿರಲಿಲ್ಲ. 2003ರ ನವೆಂಬರಿನಲ್ಲಿ ಡೆಬಿಯನ್‌ನ ಕೆಲವು ಸರ್ವರುಗಳಿಗೇ ಕನ್ನ ಬಿತ್ತು. ಪ್ಯಾಕೇಜು ಭಂಡಾರಕ್ಕೆ ಹಾನಿಯಾಗಿರಲಿಲ್ಲ, ಆದರೆ ಆತಂಕ ಸಣ್ಣದಾಗಿರಲಿಲ್ಲ. 2007ರ ಡೆಬಿಯನ್ 4.0ರಲ್ಲಿ ಸಹಿಯ ಪರೀಕ್ಷೆ ಆಪ್ಟ್‌ನ ಸಹಜ ನಡವಳಿಕೆಯಾಯಿತು.

ಕೀರಿಂಗ್ ಎಂದರೆ ಕೀಲಿಗೊಂಚಲು. ಆದರೆ ಅದರಲ್ಲಿರುವುದು ಬಾಗಿಲು ತೆರೆಯುವ ಕೀಲಿಗಳಲ್ಲ. ಬ್ಯಾಂಕು ಇಟ್ಟುಕೊಳ್ಳುವ ಮಾದರಿ ಸಹಿಯಂತೆ, ಬಂದ ಸಹಿಯನ್ನು ಹೋಲಿಸಿ ನೋಡಲು ಇಟ್ಟ ಸಾರ್ವಜನಿಕ ಕೀಲಿಗಳು. ತೊಡಕು ಬಂದದ್ದು ‘ಆಪ್ಟ್-ಕೀ’ ಎಂಬ ಆದೇಶದಿಂದ. ಅದು ಎಲ್ಲರ ಕೀಲಿಯನ್ನೂ ಒಂದೇ ಗೊಂಚಲಿಗೆ ಸೇರಿಸುತ್ತಿತ್ತು. ಆ ಗೊಂಚಲಿನ ಯಾವ ಕೀಲಿಯಾದರೂ ಯಾವ ಭಂಡಾರಕ್ಕಾದರೂ ಸಾಕ್ಷಿ ಹೇಳಬಹುದಿತ್ತು. ಮರೆತ ಕೀಲಿಯೊಂದರ ಗುಟ್ಟಿನ ಜೋಡಿ ಕಳ್ಳರ ಕೈಸೇರಿದರೆ, ಅವರು ಡೆಬಿಯನ್‌ನ ಹೆಸರಿನಲ್ಲೇ ನಕಲಿ ಸರಕನ್ನು ದಾಟಿಸಬಹುದು. ಅದಕ್ಕೇ ಈಗ ‘ಸೈನ್ಡ್-ಬೈ’ ಬಂದಿದೆ. ಒಂದೊಂದು ಭಂಡಾರಕ್ಕೂ ಅದರದ್ದೇ ಕೀಲಿ.

ಉಳಿಕೆಗಳಲ್ಲಿ ಎರಡು ಬಗೆ. ಹೆಸರಿನ ಕೊನೆಗೆ ಅಲೆಗೆರೆ ಹೊತ್ತ ‘ಟ್ರಸ್ಟೆಡ್.ಜಿಪಿಜಿ~’ ಹಳೆಯ ಬ್ಯಾಕಪ್ಪು. ಆಪ್ಟ್ ಅದನ್ನು ಓದುವುದಿಲ್ಲ, ಅಳಿಸಿದರೆ ನಷ್ಟವಿಲ್ಲ. ಆದರೆ ‘.ಜಿಪಿಜಿ’ ಅಥವಾ ‘.ಎಎಸ್‌ಸಿ’ ಎಂದು ಮುಗಿಯುವ ಕಡತಗಳು ಜೀವಂತ. ನಾವೇ ಕೈಯಾರೆ ತಂದಿಟ್ಟ ಕೀಲಿ ಯಾವ ಪ್ಯಾಕೇಜಿನ ಲೆಕ್ಕಕ್ಕೂ ಸೇರಿರುವುದಿಲ್ಲ, ಆದ್ದರಿಂದ ‘ಪರ್ಜ್’ ಮಾಡಿದರೂ ಅಳಿಯುವುದಿಲ್ಲ. ‘ಡಿಪಿಕೆಜಿ -ಎಸ್’ (ದೊಡ್ಡಕ್ಷರದ ಎಸ್) ಕೇಳಿ, ವಾರಸುದಾರರಿಲ್ಲದವನ್ನು ಗುರುತಿಸಿದೆ. ಅವುಗಳಲ್ಲಿ ಬಳಕೆಯಲ್ಲಿರುವ ಯಾವ ಭಂಡಾರಕ್ಕೂ ಬೇಡದ್ದನ್ನು ಮಾತ್ರ ಬೇರೆ ಫೋಲ್ಡರಿಗೆ ಸರಿಸಿದೆ. ‘ಆಪ್ಟ್ ಅಪ್‌ಡೇಟ್’ ತಕರಾರಿಲ್ಲದೆ ಮುಗಿದ ಮೇಲೆಯೇ ಅಳಿಸಿದೆ.

ಇತಿಹಾಸದ ವಿದ್ಯಾರ್ಥಿಯಾಗಿ ಹಳೆಯದನ್ನು ಕಾಪಾಡುವುದೇ ನನಗೆ ಅಭ್ಯಾಸ. ಆದರೆ ದಾಖಲೆ ಬೇರೆ, ಅಧಿಕಾರ ಬೇರೆ. ಅವಧಿ ಮುಗಿದವರ ಮುದ್ರೆಯನ್ನು ಸಂಗ್ರಹಾಲಯದಲ್ಲಿ ಇಡಬಹುದು, ಕಚೇರಿಯ ಮೇಜಿನ ಮೇಲೆ ಬಿಡಬಾರದು. ತಂಗಿಗೆ ಲ್ಯಾಪ್‌ಟಾಪು ಕೊಟ್ಟಾಗ, ನಾನು ಯಾರನ್ನೆಲ್ಲ ನಂಬಿದ್ದೆ ಎಂಬುದರ ಹೊರೆ ಅವಳ ಪಾಲಿಗೆ ಬರಲಿಲ್ಲ.